ಅತಿಥಿ ಉಪನ್ಯಾಸಕಿಯ ಕೆಲಸ ಬಿಟ್ಟು ಪಿಎಚ್‌.ಡಿ. ಫೆಲೋಶಿಪ್‌ ಹಾದಿ ಹಿಡಿಯಬೇಕೆ? ಎನ್‌ಎಫ್‌ಎಸ್‌ಸಿ ಮತ್ತು ಜೆಆರ್‌ಎಫ್‌ ಬಗ್ಗೆ ತಿಳಿದವರು ದಯವಿಟ್ಟು ಹೇಳಿ

ಮುದಗಲ್ಲಿನ ಓದುಗಿ

ಎಲ್ಲರಿಗೂ ನಮಸ್ಕಾರ. ನಾನು ರಾಯಚೂರು ಜಿಲ್ಲೆಯ ಲಿಂಗಸುಗೂರು ತಾಲ್ಲೂಕಿನವಳು, ಪರಿಶಿಷ್ಟ ಜಾತಿಗೆ ಸೇರಿದವಳು. ನಮ್ಮ ಮನೆಯಲ್ಲಿ ಎಸ್ಸೆಸ್ಸೆಲ್ಸಿ ದಾಟಿದವರಲ್ಲಿ ನಾನೇ ಮೊದಲಿಗಳು. ಕನ್ನಡದಲ್ಲಿ ಎಂ.ಎ. ಮುಗಿಸಿ ಮೂರು ವರ್ಷಗಳಿಂದ ಸರ್ಕಾರಿ ಪ್ರಥಮ ದರ್ಜೆ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕಿಯಾಗಿದ್ದೇನೆ. ವಯಸ್ಸು 29. ಅಧ್ಯಾಪಕ ಹುದ್ದೆಯ ರಾಜ್ಯಮಟ್ಟದ ಅರ್ಹತಾ ಪರೀಕ್ಷೆಯಾದ ಕೆಸೆಟ್‌ ಆಗಿದೆ. ಹೋದ ಸಲದ ರಾಷ್ಟ್ರಮಟ್ಟದ ನೆಟ್‌ ಪರೀಕ್ಷೆಯಲ್ಲಿ ಸಹಾಯಕ ಪ್ರಾಧ್ಯಾಪಕ ಹುದ್ದೆಯ ಅರ್ಹತೆ ಸಿಕ್ಕಿತು, ಅದೇ ಪರೀಕ್ಷೆಯಲ್ಲಿ ಹೆಚ್ಚು ಅಂಕ ಪಡೆದವರಿಗೆ ಸಿಗುವ ಸಂಶೋಧನಾ ಫೆಲೋಶಿಪ್‌ ಜೆಆರ್‌ಎಫ್‌ ಮಾತ್ರ ಆರು ಅಂಕಗಳಿಂದ, ಅಂದರೆ ಮೂರೇ ಪ್ರಶ್ನೆಗಳಿಂದ, ತಪ್ಪಿಹೋಯಿತು. ಎರಡನೆಯ ಪತ್ರಿಕೆ ಕನ್ನಡದ್ದಾದ್ದರಿಂದ ಅಲ್ಲಿ ನನಗೆ ಕಷ್ಟವಾಗಲಿಲ್ಲ. ಇಂಗ್ಲಿಷ್‌ ಮತ್ತು ಹಿಂದಿಯಲ್ಲಷ್ಟೇ ಬರುವ ಮೊದಲನೆಯ ಪತ್ರಿಕೆ ನನ್ನನ್ನು ಕೆಳಗೆಳೆಯಿತು.

ನಾನು ಓದಿದ ಐದು ವರ್ಷಗಳಲ್ಲಿ ನನಗೆ ಪಾಠ ಹೇಳಿದ ಕಾಯಂ ಅಧ್ಯಾಪಕರಲ್ಲಿ ನಮ್ಮ ಸಮುದಾಯದ ಹೆಣ್ಣುಮಗಳು ಒಬ್ಬರೂ ಇರಲಿಲ್ಲ. ಈ ಕೊರತೆ ನೀಗಲೆಂದೇ ಕೇಂದ್ರ ಸರ್ಕಾರ ಪರಿಶಿಷ್ಟ ಜಾತಿಯ ಸಂಶೋಧನಾ ವಿದ್ಯಾರ್ಥಿಗಳಿಗೆ ರಾಷ್ಟ್ರೀಯ ಫೆಲೋಶಿಪ್‌ (ಎನ್‌ಎಫ್‌ಎಸ್‌ಸಿ) ಕೊಡುತ್ತದೆ ಎಂದು ಕೇಳಿದ್ದೇನೆ. ನೆಟ್‌ ಅರ್ಜಿ ತುಂಬುವಾಗ ಎನ್‌ಎಫ್‌ಎಸ್‌ಸಿ ಬೇಕೆ ಎಂದು ಕೇಳಿದ ಕಡೆ ಹೌದು ಎಂದು ಒತ್ತಿದ ನೆನಪೂ ಇದೆ. ಅದರ ಮುಂದಿನ ಹೆಜ್ಜೆ ಏನೆಂದು ನಮ್ಮ ಕಡೆ ನೆಟ್ಟಗೆ ಹೇಳುವವರು ಸಿಕ್ಕಿಲ್ಲ. ಕೇಳಿದವರೆಲ್ಲ ‘ಮೊದಲು ಗೈಡ್‌ ಹುಡುಕು’ ಎನ್ನುತ್ತಾರೆ, ಗೈಡ್‌ ಆಗಬಹುದಾದವರು ‘ಮೊದಲು ಫೆಲೋಶಿಪ್‌ ತಗೊಂಡು ಬಾ’ ಎನ್ನುತ್ತಾರೆ.

ಹೀಗಾಗಿ ನನ್ನ ಮೊದಲ ಗೊಂದಲವೇ ಯಾವುದು ಮೊದಲು ಎಂಬುದು: ಪಿಎಚ್‌.ಡಿ. ನೋಂದಣಿಯೋ, ಫೆಲೋಶಿಪ್ಪೋ? ಎರಡನೆಯದು ಹೊಟ್ಟೆಪಾಡಿನ ಪ್ರಶ್ನೆ. ಮನೆಯ ಖರ್ಚೂ ತಮ್ಮನ ಡಿಪ್ಲೊಮಾ ಶುಲ್ಕವೂ ನನ್ನ ಗೌರವಧನದಿಂದಲೇ ನಡೆಯುತ್ತಿರುವಾಗ, ಫೆಲೋಶಿಪ್‌ ಹಣ ತಿಂಗಳುಗಟ್ಟಲೆ ಬರುವುದಿಲ್ಲ ಎಂಬ ಮಾತು ನಿಜವಾದರೆ ನಾನು ಕೆಲಸ ಬಿಡುವ ಧೈರ್ಯ ಮಾಡಲಾರೆ. ಪಾಠವನ್ನೂ ಮಾಡಿಕೊಂಡು ಸಂಶೋಧನೆಯನ್ನೂ ನಡೆಸಲು ದಾರಿಯಿದೆಯೇ? ಮೂರನೆಯದು ಸಾರಲೇಖದ್ದು, ಅಂದರೆ ಪ್ರವೇಶಕ್ಕೆ ಕೊಡಬೇಕಾದ ಸಂಶೋಧನಾ ಯೋಜನೆಯ ಬರಹದ್ದು. ‘ಕನ್ನಡ ಜಾನಪದದಲ್ಲಿ ದಲಿತ ಸಂವೇದನೆ’ ಎಂಬ ವಿಷಯ ಇಟ್ಟುಕೊಂಡು ನಾಲ್ಕು ಪುಟ ಬರೆದಿದ್ದೇನೆ. ಅದರಲ್ಲಿ ನನ್ನ ಮನೆತನದ ಹಿನ್ನೆಲೆಯನ್ನೂ ಹೇಳಿಕೊಳ್ಳಬೇಕೇ? ಕೊನೆಯದಾಗಿ, ಇಷ್ಟೆಲ್ಲ ಆದ ಮೇಲೆ ವಿಶ್ವವಿದ್ಯಾಲಯದಲ್ಲಿ ಹುದ್ದೆ ಸಿಗುವ ಸಂಭವ ನಿಜವಾಗಿಯೂ ಇದೆಯೇ? ಅನುಭವಸ್ಥರು ಮುಚ್ಚುಮರೆಯಿಲ್ಲದೆ ಹೇಳಬೇಕೆಂದು ವಿನಂತಿ.

ನಿವೃತ್ತ ಮೇಷ್ಟ್ರು, ಧಾರವಾಡ

ನಿಮ್ಮ ಪ್ರಶ್ನೆಗಳನ್ನು ಎರಡು ಬಾರಿ ಓದಿದೆ, ತಂಗಿ. ಯಾವುದು ಮೊದಲು ಎಂಬ ಗೊಂದಲ ನಿಮ್ಮದೊಂದೇ ಅಲ್ಲ. ನನ್ನ ಕೈಕೆಳಗೆ ಪಿಎಚ್‌.ಡಿ. ಮಾಡಿದ ಹದಿನಾಲ್ಕು ಜನರಲ್ಲಿ ಕನಿಷ್ಠ ಆರು ಮಂದಿ ಇದೇ ಕಾರಣಕ್ಕೆ ಒಂದೊಂದು ವರ್ಷ ಕಳೆದುಕೊಂಡವರು.

ಇಲ್ಲಿ ಬಾಗಿಲುಗಳು ಎರಡು, ಎರಡಕ್ಕೂ ಬೇರೆ ಬೇರೆ ಕೀಲಿಕೈ. ಫೆಲೋಶಿಪ್ಪಿನ ಬಾಗಿಲನ್ನು ತೆರೆಯುವುದು ನಿಮ್ಮ ನೆಟ್‌ ಅಂಕ ಮತ್ತು ಜಾತಿ ಪ್ರಮಾಣಪತ್ರ, ಪಿಎಚ್‌.ಡಿ. ಪ್ರವೇಶದ ಬಾಗಿಲನ್ನು ತೆರೆಯುವುದು ಆ ಅಂಕದ ಜೊತೆಗೆ ವಿಶ್ವವಿದ್ಯಾಲಯದ ಸಂದರ್ಶನ ಮತ್ತು ನಿಮ್ಮ ಸಾರಲೇಖ. ಒಂದು ತೆರೆಯುವ ತನಕ ಇನ್ನೊಂದರ ಮುಂದೆ ಕಾಯುತ್ತ ಕೂರಬೇಕಿಲ್ಲ, ಎರಡನ್ನೂ ಒಟ್ಟಿಗೇ ತಟ್ಟಬೇಕು. ಹಣ ಎಣಿಕೆಯಾಗುವುದು ಆಯ್ಕೆಯಾದ ದಿನ ಮತ್ತು ಪೂರ್ಣಾವಧಿ ಪಿಎಚ್‌.ಡಿ.ಗೆ ಸೇರಿದ ದಿನ, ಇವೆರಡರಲ್ಲಿ ಯಾವುದು ತಡವೋ ಅಲ್ಲಿಂದ. ಆದ್ದರಿಂದ ಮೊದಲೇ ಸೇರಿದರೆ ಹಿಂದಿನ ತಿಂಗಳುಗಳ ಹಣ ಸಿಗುವುದಿಲ್ಲ, ಆಯ್ಕೆಯಾಗಿ ಸೇರದೆ ಕುಳಿತರೂ ಸಿಗುವುದಿಲ್ಲ.

ಈ ಯೋಜನೆಯ ಹಿನ್ನೆಲೆಯನ್ನು ತಿಳಿದುಕೊಂಡರೆ ಅರ್ಧ ಗೊಂದಲ ತಾನಾಗಿಯೇ ಬಗೆಹರಿಯುತ್ತದೆ. 2005–06ರಲ್ಲಿ ರಾಜೀವ್‌ ಗಾಂಧಿ ರಾಷ್ಟ್ರೀಯ ಫೆಲೋಶಿಪ್‌ ಎಂಬ ಹೆಸರಿನಲ್ಲಿ ಇದು ಶುರುವಾದಾಗ, ಕಾಲೇಜು ಮತ್ತು ವಿಶ್ವವಿದ್ಯಾಲಯಗಳ ಅಧ್ಯಾಪಕ ಹುದ್ದೆಗಳಿಗೆ ಅರ್ಹರಾದ ಪರಿಶಿಷ್ಟರನ್ನು ತಯಾರು ಮಾಡುವುದು ಅದರ ಉದ್ದೇಶಗಳಲ್ಲಿ ಒಂದಾಗಿತ್ತು. ಆಗ ನೆಟ್‌ ಬೇಕಿರಲಿಲ್ಲ. ಈಗ ಪರಿಶಿಷ್ಟ ಜಾತಿಯವರಿಗೆ ವರ್ಷಕ್ಕೆ 2,000 ಫೆಲೋಶಿಪ್‌ಗಳಿದ್ದು, 1,500 ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ನೆಟ್‌ ಮೂಲಕವೂ 500 ವಿಜ್ಞಾನದವರಿಗೆ ಸಿಎಸ್‌ಐಆರ್‌ ನೆಟ್‌ ಮೂಲಕವೂ ಹೋಗುತ್ತವೆ. ಜೆಆರ್‌ಎಫ್‌ ಬಯಸಿ ಬರೆದು ಅದು ಕೈತಪ್ಪಿದವರನ್ನು ಅಂಕಗಳ ಕ್ರಮದಲ್ಲಿ ಪರಿಗಣಿಸುತ್ತಾರೆ. ನೀವು ನಿಂತಿರುವುದು ಸರಿಯಾಗಿ ಆ ಜಾಗದಲ್ಲಿ. 2022ರ ಅಕ್ಟೋಬರ್‌ನಿಂದ ಇದರ ಆಡಳಿತ ಯುಜಿಸಿಯ ಕೈಯಿಂದ ರಾಷ್ಟ್ರೀಯ ಪರಿಶಿಷ್ಟ ಜಾತಿ ಹಣಕಾಸು ಮತ್ತು ಅಭಿವೃದ್ಧಿ ನಿಗಮದ ಕೈಗೆ ಹೋಗಿದೆ. ಹಾಗಾಗಿ ಯುಜಿಸಿ ಜಾಲತಾಣವನ್ನೇ ನೋಡುತ್ತ ಕುಳಿತರೆ ಪ್ರಕಟಣೆ ಕಣ್ಣಿಗೆ ಬೀಳದೆ ಹೋದೀತು. ನಿಗಮದ ತಾಣವನ್ನೂ ನೋಡುತ್ತಿರಿ. ‘ಒತ್ತಿದ ನೆನಪು’ ಎಂದಿದ್ದೀರಿ, ನೆನಪನ್ನು ನಂಬಬೇಡಿ. ಅರ್ಜಿಯ ದೃಢೀಕರಣ ಪುಟದ ಪ್ರತಿ ತೆಗೆದು, ಜೆಆರ್‌ಎಫ್‌ ಮತ್ತು ಎನ್‌ಎಫ್‌ಎಸ್‌ಸಿ ಎರಡರ ಮುಂದೆ ಏನಿದೆ ಎಂಬುದನ್ನು ಇವತ್ತೇ ಕಣ್ಣಾರೆ ನೋಡಿಕೊಳ್ಳಿ.

ಇನ್ನೊಂದು ಗಡಿಯಾರವೂ ಓಡುತ್ತಿದೆ. 2024ರ ಜೂನ್‌ ಸುತ್ತಿನಿಂದ ನೆಟ್‌ ಫಲಿತಾಂಶವನ್ನು ಮೂರು ವರ್ಗ ಮಾಡಿದ್ದಾರೆ. ನೀವು ಎರಡನೆಯ ವರ್ಗದವರು, ಅಂದರೆ ಹುದ್ದೆಗೂ ಪಿಎಚ್‌.ಡಿ. ಪ್ರವೇಶಕ್ಕೂ ಅರ್ಹರು. ಆದರೆ ಪ್ರವೇಶದ ಮಟ್ಟಿಗೆ ಆ ಅಂಕ ಒಂದೇ ವರ್ಷ ನಡೆಯುತ್ತದೆ. ನೆಟ್‌ ಅಂಕಕ್ಕೆ ಶೇ 70, ಸಂದರ್ಶನಕ್ಕೆ ಶೇ 30. ನಿಮ್ಮ ಅಂಕಕ್ಕೆ ಜೀವ ಇರುವಾಗಲೇ ಪ್ರವೇಶ ಪ್ರಕಟಣೆ ಹೊರಡಿಸುವ ವಿಶ್ವವಿದ್ಯಾಲಯಗಳಿಗೆಲ್ಲ ಅರ್ಜಿ ಹಾಕಿ. ಮನೆಗೆ ಹತ್ತಿರದ್ದೊಂದೇ ಸಾಕೆಂದು ಕೂರಬೇಡಿ.

ಗೈಡ್‌ ವಿಷಯದಲ್ಲಿ ಭಾವುಕರಾಗಬೇಡಿ. 2022ರ ಪಿಎಚ್‌.ಡಿ. ನಿಯಮಾವಳಿಯಂತೆ ಪ್ರಾಧ್ಯಾಪಕರು ಏಕಕಾಲಕ್ಕೆ 8, ಸಹ ಪ್ರಾಧ್ಯಾಪಕರು 6, ಸಹಾಯಕ ಪ್ರಾಧ್ಯಾಪಕರು 4 ಮಂದಿಗಷ್ಟೇ ಮಾರ್ಗದರ್ಶನ ಮಾಡಬಹುದು, ಮತ್ತು ನಿವೃತ್ತಿಗೆ ಮೂರು ವರ್ಷಕ್ಕಿಂತ ಕಡಿಮೆ ಉಳಿದಿರುವವರು ಹೊಸ ವಿದ್ಯಾರ್ಥಿಗಳನ್ನು ತೆಗೆದುಕೊಳ್ಳುವಂತಿಲ್ಲ. ‘ಫೆಲೋಶಿಪ್‌ ತಗೊಂಡು ಬಾ’ ಎಂದವರಿಗೆ ಬಹುಶಃ ಜಾಗವೇ ಖಾಲಿ ಇಲ್ಲ, ಅದನ್ನು ಬಾಯಿಬಿಟ್ಟು ಹೇಳಲು ಸಂಕೋಚ. ಎಷ್ಟು ಜಾಗ ಖಾಲಿಯಿವೆ ಎಂದು ವಿನಯದಿಂದಲೇ ನೇರವಾಗಿ ಕೇಳಿ.

ಸಾರಲೇಖದ ಬಗ್ಗೆ ಸ್ವಲ್ಪ ಕಟುವಾಗಿಯೇ ಹೇಳುತ್ತೇನೆ, ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ‘ಕನ್ನಡ ಜಾನಪದದಲ್ಲಿ ದಲಿತ ಸಂವೇದನೆ’ ಎಂಬುದು ವಿಷಯವಲ್ಲ, ಗ್ರಂಥಾಲಯದ ಒಂದು ಕಪಾಟಿನ ಹೆಸರು. ಸಂದರ್ಶನ ಸಮಿತಿಯಲ್ಲಿ ಕುಳಿತು ಇಂಥ ಶೀರ್ಷಿಕೆ ಕಂಡಾಗಲೆಲ್ಲ ನಾನು ಕೇಳುತ್ತಿದ್ದುದು ಒಂದೇ ಪ್ರಶ್ನೆ: ಯಾವ ಊರು, ಯಾವ ಹಾಡು, ಹಾಡಿದವರು ಯಾರು? ನಿಮ್ಮ ಹೆಸರಿನಲ್ಲೇ ಮುದಗಲ್ಲು ಇದೆ. ಮುದಗಲ್ಲಿನ ಮೊಹರಂ ಸುತ್ತಣ ಸೀಮೆಗೆಲ್ಲ ಹೆಸರಾದದ್ದು. ಬೆಂಕಿ ಹಾಕುವ ಅಲಾಯಿ ಕುಣಿಯ ಸುತ್ತ, ಕರ್ಬಲದ ಕಾಳಗದ ಕಥೆ ಹೇಳುವ ರಿವಾಯತ ಪದ ಹಾಡುವವರಲ್ಲಿ ಎಲ್ಲ ಜಾತಿಯವರೂ ಇರುತ್ತಾರೆ. ನಿಮ್ಮ ಓಣಿಯಲ್ಲಿ ಆ ಪದ ಬಲ್ಲವರು ಒಬ್ಬರಾದರೂ ಇರಬೇಕು. ಅಲ್ಲಿಂದ ಶುರುಮಾಡಿದರೆ ಯಾವ ಸಮಿತಿಯೂ ನಿಮ್ಮನ್ನು ಸುಲಭವಾಗಿ ಅಲ್ಲಾಡಿಸಲಾರದು. ಇನ್ನು ಮನೆತನದ ಹಿನ್ನೆಲೆ: ಎನ್‌ಎಫ್‌ಎಸ್‌ಸಿ ಆಯ್ಕೆಯಲ್ಲಿ ಅದನ್ನು ಯಾರೂ ಕೇಳುವುದಿಲ್ಲ, ಅಲ್ಲಿ ನಡೆಯುವುದು ಅಂಕ ಮತ್ತು ಪ್ರಮಾಣಪತ್ರ ಮಾತ್ರ. ಸಾರಲೇಖದಲ್ಲಿ ಬರೆಯುವುದಾದರೆ ಕಷ್ಟದ ಕಥೆಯಾಗಿ ಬೇಡ. ಈ ಹಾಡುಗಾರರ ಬಳಿಗೆ ಹೊರಗಿನ ಸಂಶೋಧಕರಿಗಿಂತ ನಿಮಗೆ ಹೆಚ್ಚು ಪ್ರವೇಶ ಏಕಿದೆ ಎಂಬುದನ್ನು ತೋರಿಸುವ ಎರಡು ವಾಕ್ಯವಾಗಿ ಬರಲಿ.

ಎನ್‌ಎಫ್‌ಎಸ್‌ಸಿ ಸಿಕ್ಕರೂ ಜೆಆರ್‌ಎಫ್‌ ಪ್ರಯತ್ನ ಬಿಡಬೇಡಿ. ಯುಜಿಸಿಯ 2018ರ ನಿಯಮಾವಳಿಯಲ್ಲಿ ವಿಶ್ವವಿದ್ಯಾಲಯದ ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ಸಂದರ್ಶನಕ್ಕೆ ಕರೆಯುವ ಮುನ್ನ ಅಂಕ ಹಾಕುವ ಪಟ್ಟಿಯೊಂದಿದೆ. ಅದರಲ್ಲಿ ಪಿಎಚ್‌.ಡಿ.ಗೆ 30, ಜೆಆರ್‌ಎಫ್‌ ಸಹಿತ ನೆಟ್‌ಗೆ 7, ಬರೀ ನೆಟ್‌ಗೆ 5, ಸೆಟ್‌ಗೆ 3 ಅಂಕ. ಎನ್‌ಎಫ್‌ಎಸ್‌ಸಿಗೆಂದು ಪ್ರತ್ಯೇಕ ಅಂಕ ಅಲ್ಲಿಲ್ಲ. ಜೆಆರ್‌ಎಫ್‌ಗೆ 30 ವರ್ಷದ ಮಿತಿಯಿದ್ದರೂ ನಿಮಗೆ ಐದು ವರ್ಷದ ಸಡಿಲಿಕೆ ಉಂಟು. ಮೊದಲನೆಯ ಪತ್ರಿಕೆಯಲ್ಲಿ ಹತ್ತು ಘಟಕ, ಪ್ರತಿಯೊಂದರಿಂದ ಐದು ಪ್ರಶ್ನೆ, ತಪ್ಪಿಗೆ ಅಂಕ ಕಳೆಯುವುದಿಲ್ಲ. ಗಣಿತ, ತರ್ಕ, ದತ್ತಾಂಶ ವಿವರಣೆ ಈ ಮೂರರಲ್ಲಿ ಇಂಗ್ಲಿಷ್‌ ಹೆಚ್ಚು ಬೇಕಾಗುವುದಿಲ್ಲ. ನಿಮಗೆ ತಪ್ಪಿಹೋದ ಮೂರು ಪ್ರಶ್ನೆಗಳು ಅಲ್ಲಿವೆ.

ಕಡತದ ಹುಡುಗ

ಮೇಷ್ಟ್ರು ಹೇಳಿದ ಮೇಲೆ ನಾನು ಹೇಳಬೇಕಾದ್ದು ಹಣದ ಮಾತಷ್ಟೇ. ಅಕ್ಕಾ, ನಾನು ಎನ್‌ಎಫ್‌ಎಸ್‌ಸಿಯಲ್ಲೇ ಪಿಎಚ್‌.ಡಿ. ಮುಗಿಸಿ ಈಗ ಕಾಲೇಜೊಂದರಲ್ಲಿ ಕಾಯಂ ಅಧ್ಯಾಪಕನಾಗಿದ್ದೇನೆ. ಇಲ್ಲಿ ನನ್ನ ಹೆಸರು ಹೀಗಿರುವುದಕ್ಕೂ ಅದೇ ಕಾರಣ: ಆ ಐದು ವರ್ಷ ಪುಸ್ತಕಕ್ಕಿಂತ ಹೆಚ್ಚು ಸಲ ಕಡತ ಹೊತ್ತೆನೋ ಏನೋ.

2023ರ ಜನವರಿ 1ರಿಂದ ಅನ್ವಯವಾದ ದರದಂತೆ ಮೊದಲ ಎರಡು ವರ್ಷ ತಿಂಗಳಿಗೆ ₹37,000, ಅನಂತರ ಹಿರಿಯ ಸಂಶೋಧಕ ದರ್ಜೆಗೆ ಏರಿದರೆ ₹42,000. ಹಾಸ್ಟೆಲ್‌ನಲ್ಲಿ ಇರದಿದ್ದರೆ ಊರಿನ ದರ್ಜೆಗೆ ತಕ್ಕಂತೆ ಮನೆ ಬಾಡಿಗೆ ಭತ್ಯೆ. ಮಾನವಿಕ ಮತ್ತು ಸಮಾಜ ವಿಜ್ಞಾನದವರಿಗೆ ಸಾದಿಲ್ವಾರು ವೆಚ್ಚಕ್ಕೆ ಮೊದಲ ಎರಡು ವರ್ಷ ವರ್ಷಕ್ಕೆ ₹10,000, ಆಮೇಲೆ ₹20,500. ಕ್ಷೇತ್ರಕಾರ್ಯದ ಓಡಾಟ, ಜೆರಾಕ್ಸ್‌, ಪುಸ್ತಕ ಎಲ್ಲ ಅದರಲ್ಲೇ ಆಗಬೇಕು, ಒಂದೊಂದು ರಸೀದಿಯನ್ನೂ ಜೋಪಾನ ಮಾಡಬೇಕು. ದರ್ಜೆ ಏರಿಕೆ ತಾನಾಗಿ ಆಗುವುದಿಲ್ಲ. ಎರಡು ವರ್ಷವಾಗುತ್ತಿದ್ದಂತೆ ಹೊರಗಿನ ವಿಷಯತಜ್ಞರೊಬ್ಬರಿರುವ ಸಮಿತಿ ನಿಮ್ಮ ಕೆಲಸ ನೋಡಿ ಶಿಫಾರಸು ಮಾಡಬೇಕು. ನಾನು ಆ ಸಭೆಯನ್ನು ಕರೆಸಲು ವಿಭಾಗಕ್ಕೆ ನಾಲ್ಕು ಪತ್ರ ಬರೆದಿದ್ದೆ.

ಇನ್ನು ನಿಮ್ಮ ಎರಡನೆಯ ಪ್ರಶ್ನೆ. ಪಾಠವನ್ನೂ ಮಾಡಿಕೊಂಡು ಫೆಲೋಶಿಪ್ಪನ್ನೂ ಪಡೆಯುವ ದಾರಿ ಇಲ್ಲ. ಉದ್ಯೋಗದಲ್ಲಿರುವವರು ಅರೆಕಾಲಿಕವಾಗಿ ಪಿಎಚ್‌.ಡಿ. ಮಾಡಲು 2022ರ ನಿಯಮಾವಳಿ ಅವಕಾಶ ಕೊಟ್ಟಿದೆ, ಆದರೆ ಫೆಲೋಶಿಪ್‌ ಇರುವುದು ಪೂರ್ಣಾವಧಿಯವರಿಗೆ ಮಾತ್ರ, ಮತ್ತು ಬೇರೆಲ್ಲಿಂದಲೂ ಸಂಬಳವನ್ನಾಗಲಿ ಇನ್ನೊಂದು ವಿದ್ಯಾರ್ಥಿವೇತನವನ್ನಾಗಲಿ ಪಡೆಯುತ್ತಿಲ್ಲವೆಂದು ಬರೆದುಕೊಡಬೇಕು. ‘ಯಾರಿಗೆ ಗೊತ್ತಾಗುತ್ತದೆ’ ಎಂದು ಅತಿಥಿ ಉಪನ್ಯಾಸವನ್ನು ಮುಂದುವರಿಸಿದ ಗೆಳೆಯನೊಬ್ಬ ಬಡ್ಡಿ ಸಮೇತ ಹಣ ಹಿಂದಿರುಗಿಸಬೇಕಾಯಿತು. ಎರಡೂ ಹಣ ಬರುವುದು ಆಧಾರ್‌ ಜೋಡಣೆಯಾದ ಖಾತೆಗಳಿಗೆ, ಮುಚ್ಚಿಡಲು ಜಾಗವೇ ಇಲ್ಲ.

ಹಣ ತಡವಾಗುತ್ತದೆ ಎಂಬ ಮಾತು ನಿಜ. ನನಗೆ ಮೊದಲ ಕಂತು ಸೇರಿದ ಏಳನೆಯ ತಿಂಗಳಿಗೆ ಬಂತು. ಸೇರ್ಪಡೆ ವರದಿಯಲ್ಲಿ ನನ್ನ ಇನಿಷಿಯಲ್‌ ಹೆಸರಿನ ಮುಂದೆ ಇತ್ತು, ಆಧಾರ್‌ನಲ್ಲಿ ಹೆಸರಿನ ಹಿಂದೆ ಇತ್ತು. ಅಷ್ಟಕ್ಕೇ ಕಡತ ವಾಪಸು ಬಂದು, ನಮ್ಮ ಆಡಳಿತ ವಿಭಾಗದ ಒಂದು ಮೇಜಿನ ಮೇಲೆ ಹನ್ನೊಂದು ವಾರ ಮಲಗಿತ್ತು. ಯಾರೂ ನನಗೆ ಹೇಳಲಿಲ್ಲ, ನಾನೂ ಮೇಲಿನಿಂದಲೇ ತಡವೆಂದು ಬೈದುಕೊಂಡು ಸುಮ್ಮನಿದ್ದೆ. ಆಗ ಕಲಿತದ್ದು ಏನೆಂದರೆ, ತಿಂಗಳ ದೃಢೀಕರಣವನ್ನು ವಿಶ್ವವಿದ್ಯಾಲಯದಲ್ಲಿ ಒಬ್ಬರು ಗಣಕಯಂತ್ರದಲ್ಲಿ ತುಂಬುತ್ತಾರೆ, ಇನ್ನೊಬ್ಬರು ಪರಿಶೀಲಿಸಿ ಒಪ್ಪಿಗೆ ಕೊಡುತ್ತಾರೆ. ಕಚೇರಿಯ ಮಾತಿನಲ್ಲಿ ಮೇಕರ್‌ ಮತ್ತು ಚೆಕರ್‌. ಇಬ್ಬರಲ್ಲಿ ಒಬ್ಬರು ರಜೆ ಹಾಕಿದರೂ ಆ ತಿಂಗಳು ನಿಮ್ಮ ಖಾತೆ ಖಾಲಿ. ಸೇರಿದ ಮೊದಲ ವಾರದಲ್ಲೇ ಈ ಇಬ್ಬರು ಯಾರು, ಯಾವ ಕೊಠಡಿಯಲ್ಲಿ ಕೂರುತ್ತಾರೆ ಎಂಬುದನ್ನು ತಿಳಿದುಕೊಳ್ಳಿ. ಗೈಡ್‌ ಸಹಿ ಮಾಡಿದ ಹಾಜರಾತಿಯನ್ನು ತಿಂಗಳ ಕೊನೆಯ ದಿನವೇ ಕೈಯಾರೆ ಮುಟ್ಟಿಸಿ, ನಿಮ್ಮ ಪ್ರತಿಯ ಮೇಲೆ ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳಿ. ನನ್ನ ಬಳಿ ಅಂಥ ಐವತ್ತಮೂರು ಮೊಹರುಗಳಿದ್ದವು.

ಆದ್ದರಿಂದ ಧೈರ್ಯ ಮಾಡಬೇಡಿ ಎನ್ನುವುದಿಲ್ಲ, ಆರೇಳು ತಿಂಗಳ ಮನೆಖರ್ಚನ್ನು ಕೈಯಲ್ಲಿಟ್ಟುಕೊಂಡು ಧೈರ್ಯ ಮಾಡಿ ಎನ್ನುತ್ತೇನೆ. ಬಾಕಿ ಹಣ ಒಟ್ಟಿಗೆ ಬರುತ್ತದೆ, ಆದರೆ ಅಕ್ಕಿ ಅಂಗಡಿಯವರು ಅಲ್ಲಿಯವರೆಗೆ ಕಾಯುವುದಿಲ್ಲ. ಕೆಲಸ ಬಿಟ್ಟರೆ ಮರುವರ್ಷ ಅದೇ ಕಾಲೇಜು ಸಿಗುತ್ತದೆ ಎಂಬ ಖಾತರಿ ಇಲ್ಲ ಎಂಬುದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಕಾಗದಗಳಲ್ಲಿ ಜಾತಿ ಪ್ರಮಾಣಪತ್ರವನ್ನು ನಾಡಕಚೇರಿಯಲ್ಲಿ ಇಂಗ್ಲಿಷಿನಲ್ಲೂ ಪಡೆದುಕೊಳ್ಳಿ. ಅದರಲ್ಲಿರುವ ಜಾತಿಯ ಹೆಸರು 1950ರ ರಾಷ್ಟ್ರಪತಿ ಆದೇಶದ ಪಟ್ಟಿಯಲ್ಲಿ ಇರುವಂತೆಯೇ ಇರಬೇಕು, ಊರಲ್ಲಿ ಕರೆಯುವ ಹೆಸರು ನಡೆಯುವುದಿಲ್ಲ. ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಆಧಾರ್‌, ಬ್ಯಾಂಕ್‌ ಪಾಸ್‌ಬುಕ್‌, ನೆಟ್‌ ಅರ್ಜಿ ಈ ನಾಲ್ಕನ್ನೂ ಮೇಜಿನ ಮೇಲೆ ಸಾಲಾಗಿ ಇಟ್ಟು ಹೆಸರನ್ನು ಅಕ್ಷರ ಅಕ್ಷರ ಹೋಲಿಸಿ ನೋಡಿ. ನನ್ನ ಹನ್ನೊಂದು ವಾರ ಹೋದದ್ದು ಒಂದು ಇನಿಷಿಯಲ್‌ಗೆ.

ಕಾಡಂಚಿನ ಶಾಲೆ

ಕೇಳಿದ ಪ್ರಶ್ನೆಗೆ ನೇರವಾದ ಉತ್ತರವಲ್ಲದಿದ್ದರೂ, ಇದನ್ನು ಓದುವ ಬೇರೆಯವರಿಗೆ ಬೇಕಾಗಬಹುದೆಂದು ಬರೆಯುತ್ತಿದ್ದೇನೆ. ನಾನು ಎಚ್‌.ಡಿ. ಕೋಟೆ ಕಡೆಯ ಆಶ್ರಮ ಶಾಲೆಯೊಂದರ ಶಿಕ್ಷಕಿ. ಪರಿಶಿಷ್ಟ ಪಂಗಡದವರ ದಾರಿ ಇದಲ್ಲ. ಅವರ ರಾಷ್ಟ್ರೀಯ ಫೆಲೋಶಿಪ್ಪನ್ನು ಬುಡಕಟ್ಟು ವ್ಯವಹಾರಗಳ ಸಚಿವಾಲಯವೇ ತನ್ನ ಪೋರ್ಟಲ್‌ ಮೂಲಕ ನಡೆಸುತ್ತದೆ. ವರ್ಷಕ್ಕೆ 750 ಸ್ಥಾನ, ನೆಟ್‌ ಬೇಕಿಲ್ಲ, ಸ್ನಾತಕೋತ್ತರ ಪದವಿಯ ಅಂಕಗಳ ಮೇಲೆ ಆಯ್ಕೆ. ವಿಶೇಷವಾಗಿ ದುರ್ಬಲವಾದ ಬುಡಕಟ್ಟುಗಳಿಗೆ ಅದರಲ್ಲಿ ಆದ್ಯತೆಯಿದೆ. ಕರ್ನಾಟಕದಲ್ಲಿ ಆ ಪಟ್ಟಿಯಲ್ಲಿರುವವರು ಜೇನುಕುರುಬರು ಮತ್ತು ಕೊರಗರು. ನಮ್ಮ ಶಾಲೆಯಲ್ಲಿ ಓದಿ ಎಂ.ಎ. ಮುಗಿಸಿದ ಹುಡುಗಿಯೊಬ್ಬಳು ನೆಟ್‌ ಆಗಲಿಲ್ಲವೆಂದು ಎರಡು ವರ್ಷ ಹಾಡಿಯಲ್ಲೇ ಕುಳಿತಿದ್ದಳು, ನೆಟ್‌ ಬೇಡವೆಂಬ ಸಂಗತಿ ಅವಳಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ.

ಅಂಗವಿಕಲರಿಗೂ ವರ್ಷಕ್ಕೆ 200 ಫೆಲೋಶಿಪ್‌ಗಳ ಪ್ರತ್ಯೇಕ ಯೋಜನೆಯಿದೆ. ಹಿಂದುಳಿದ ವರ್ಗದವರಿಗೆ 1,000 ಇವೆ, ಆದರೆ ಅಲ್ಲಿ ಒಂದು ಎಡವು ಇದೆ: ನಮ್ಮ ರಾಜ್ಯದ 2ಎ, 3ಎ ಪ್ರಮಾಣಪತ್ರ ಅಲ್ಲಿ ನಡೆಯುವುದಿಲ್ಲ, ಕೇಂದ್ರದ ಪಟ್ಟಿಯಲ್ಲಿ ಜಾತಿ ಇದ್ದು, ಕೆನೆಪದರಕ್ಕೆ ಸೇರಿಲ್ಲವೆಂಬ ಕೇಂದ್ರ ನಮೂನೆಯ ಪತ್ರವೇ ಬೇಕು. ಅಲ್ಪಸಂಖ್ಯಾತರಿಗಿದ್ದ ಮೌಲಾನಾ ಆಜಾದ್‌ ಫೆಲೋಶಿಪ್ಪನ್ನು 2022–23ರಿಂದ ನಿಲ್ಲಿಸಿದ್ದಾರೆ, ಆ ಹೆಸರಿನಲ್ಲಿ ಹೊಸ ಅರ್ಜಿಗೆಂದು ಯಾರಾದರೂ ದುಡ್ಡು ಕೇಳಿದರೆ ಕೊಡಬೇಡಿ.

ರೋಸ್ಟರ್‌ ಓದಿದವನು

ನಾಲ್ಕನೆಯ ಪ್ರಶ್ನೆಯನ್ನು ಎಲ್ಲರೂ ಮೆಲ್ಲಗೆ ದಾಟಿಕೊಂಡು ಹೋಗಿದ್ದೀರಿ, ಆದ್ದರಿಂದ ಆ ಕಹಿಯನ್ನು ನಾನು ಹೇಳುತ್ತೇನೆ. ಫೆಲೋಶಿಪ್‌ ಅಭ್ಯರ್ಥಿಗಳನ್ನು ತಯಾರು ಮಾಡುತ್ತದೆ, ಹುದ್ದೆಗಳನ್ನಲ್ಲ. 2020–21ರ ಅಖಿಲ ಭಾರತ ಉನ್ನತ ಶಿಕ್ಷಣ ಸಮೀಕ್ಷೆಯ ಪ್ರಕಾರ ದೇಶದ ಉನ್ನತ ಶಿಕ್ಷಣ ಸಂಸ್ಥೆಗಳ ಬೋಧಕರಲ್ಲಿ ಪರಿಶಿಷ್ಟ ಜಾತಿಯವರು ಸುಮಾರು ಶೇ 9, ಪರಿಶಿಷ್ಟ ಪಂಗಡದವರು ಸುಮಾರು ಶೇ 2.5. ಕೇಂದ್ರೀಯ ಸಂಸ್ಥೆಗಳಲ್ಲಿ ನೇರ ನೇಮಕಾತಿಯ ಮೀಸಲಾತಿ ಕ್ರಮವಾಗಿ ಶೇ 15 ಮತ್ತು ಶೇ 7.5. ಈ ಅಂತರ ಅರ್ಹರ ಕೊರತೆಯಿಂದಷ್ಟೇ ಹುಟ್ಟಿದ್ದಲ್ಲ, ಲೆಕ್ಕ ಹಾಕುವ ರೀತಿಯಿಂದಲೂ ಹುಟ್ಟಿದ್ದು. ಇಡೀ ವಿಶ್ವವಿದ್ಯಾಲಯವನ್ನು ಒಂದು ಘಟಕವೆಂದು ಹಿಡಿಯದೆ ಒಂದೊಂದು ವಿಭಾಗವನ್ನೂ ಒಂದೊಂದು ಘಟಕವೆಂದು ಎಣಿಸಿದರೆ, ಮೂರು ನಾಲ್ಕು ಹುದ್ದೆಗಳ ಸಣ್ಣ ವಿಭಾಗದಲ್ಲಿ ಪರಿಶಿಷ್ಟರ ಸರದಿ ಬರುವುದೇ ಇಲ್ಲ. 2017ರ ಅಲಹಾಬಾದ್‌ ಹೈಕೋರ್ಟ್‌ ತೀರ್ಪಿನ ಬಳಿಕ 2018ರ ಮಾರ್ಚ್‌ನಲ್ಲಿ ಯುಜಿಸಿ ಆ ಲೆಕ್ಕವನ್ನೇ ಹಿಡಿದಿತ್ತು; ದೇಶದಾದ್ಯಂತ ಪ್ರತಿಭಟನೆ ನಡೆದು, 2019ರಲ್ಲಿ ಮೊದಲು ಸುಗ್ರೀವಾಜ್ಞೆಯೂ ಅನಂತರ ಕಾಯ್ದೆಯೂ ಬಂದ ಮೇಲೆ ಕೇಂದ್ರೀಯ ಸಂಸ್ಥೆಗಳಲ್ಲಿ ಸಂಸ್ಥೆಯೇ ಘಟಕವಾಯಿತು. ಯಾವುದೇ ನೇಮಕಾತಿ ಪ್ರಕಟಣೆ ಬಂದಾಗ ಹುದ್ದೆಗಳ ಸಂಖ್ಯೆಯನ್ನಷ್ಟೇ ನೋಡದೆ ಎಷ್ಟನೆಯ ಹುದ್ದೆ ಯಾವ ವರ್ಗದ ಸರದಿ ಎಂದು ಹೇಳುವ ರೋಸ್ಟರ್‌ ಬಿಂದುಗಳನ್ನೂ ಓದುವ ಅಭ್ಯಾಸವಿರಲಿ.

ಹಾಗೆಂದು ವಿಶ್ವವಿದ್ಯಾಲಯವೊಂದನ್ನೇ ಕಾಯಬೇಡಿ. ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಿಗೆ 1,242 ಸಹಾಯಕ ಪ್ರಾಧ್ಯಾಪಕರ ನೇಮಕಾತಿಗೆ 2022ರ ಮಾರ್ಚ್‌ನಲ್ಲಿ ಪರೀಕ್ಷೆ ನಡೆದಾಗ ನಿರ್ಣಾಯಕವಾದದ್ದು ಲಿಖಿತ ಪರೀಕ್ಷೆ. ನೀವು ಈಗಾಗಲೇ ಅರ್ಹರು. 2023ರ ಜುಲೈ 1ರಿಂದ ಜಾರಿಗೆ ಬಂದ ತಿದ್ದುಪಡಿಯಂತೆ ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ನೆಟ್‌ ಅಥವಾ ಸೆಟ್‌ ಕನಿಷ್ಠ ಅರ್ಹತೆ, ಪಿಎಚ್‌.ಡಿ. ಕಡ್ಡಾಯವಲ್ಲ. ರಾಯಚೂರಿನವರಾದ್ದರಿಂದ ಸಂವಿಧಾನದ 371 ಜೆ ವಿಧಿಯನ್ವಯ ಕಲ್ಯಾಣ ಕರ್ನಾಟಕದ ಸ್ಥಳೀಯ ವೃಂದದ ಮೀಸಲಾತಿಯೂ ನಿಮಗುಂಟು. ಸಹಾಯಕ ಆಯುಕ್ತರು ಕೊಡುವ ಆ ಅರ್ಹತಾ ಪತ್ರವನ್ನು ಪ್ರಕಟಣೆ ಬಂದ ಮೇಲೆ ಓಡಾಡಿ ಮಾಡಿಸಿಕೊಳ್ಳುವ ಬದಲು ಈಗಲೇ ಮಾಡಿಸಿಟ್ಟುಕೊಳ್ಳಿ. ಫೆಲೋಶಿಪ್‌ನಲ್ಲಿರುವಾಗ ಹುದ್ದೆ ಸಿಕ್ಕರೆ ಫೆಲೋಶಿಪ್‌ ಬಿಟ್ಟು ಹೋಗಬಹುದು. ಅದರಲ್ಲಿ ಅಪರಾಧ ಪ್ರಜ್ಞೆ ಬೇಡ, ಯೋಜನೆ ಇರುವುದೇ ಅದಕ್ಕಲ್ಲವೇ.

ಮುದಗಲ್ಲಿನ ಓದುಗಿ

ಇಷ್ಟು ಜನ ಇಷ್ಟು ವಿವರವಾಗಿ ಬರೆಯುವಿರೆಂದು ಎಣಿಸಿರಲಿಲ್ಲ. ನಿನ್ನೆ ರಾತ್ರಿ ದೃಢೀಕರಣ ಪುಟವನ್ನು ತೆಗೆದು ನೋಡಿದೆ. ಎನ್‌ಎಫ್‌ಎಸ್‌ಸಿ ಮುಂದೆ ಹೌದು ಎಂದಿದೆ. ಆಧಾರ್‌ ಮತ್ತು ಅಂಕಪಟ್ಟಿಯ ಹೆಸರು ಸರಿಯಿದೆ, ಪಾಸ್‌ಬುಕ್ಕಿನಲ್ಲಿ ಅಪ್ಪನ ಹೆಸರು ಬಿಟ್ಟುಹೋಗಿತ್ತು, ಇವತ್ತು ಬ್ಯಾಂಕಿಗೆ ಹೋಗಿ ತಿದ್ದುಪಡಿಗೆ ಬರೆದುಕೊಟ್ಟು ಬಂದೆ.

ಮೇಷ್ಟ್ರೇ, ನಿಮ್ಮ ಮಾತು ಮೊದಲು ಸ್ವಲ್ಪ ಚುಚ್ಚಿತು, ಆಮೇಲೆ ನಗು ಬಂತು. ನಮ್ಮ ಓಣಿಯಲ್ಲೇ ಇರುವ ನನ್ನ ಸೋದರಮಾವ ಮೊಹರಂನಲ್ಲಿ ರಿವಾಯತ ಹಾಡುವವರು. ಅವರ ಹತ್ತಿರ ಒಂದು ಹಳೆಯ ಲೆಕ್ಕದ ಪುಸ್ತಕವಿದೆ. ಅದರ ಒಂದು ಬದಿಯಲ್ಲಿ ಗೌಡರ ಹೊಲದ ಕೂಲಿಯ ಲೆಕ್ಕ, ಇನ್ನೊಂದು ಬದಿಯಲ್ಲಿ ಕರ್ಬಲದ ಪದಗಳು. ಚಿಕ್ಕವಳಿದ್ದಾಗ ಅದನ್ನು ಮುಟ್ಟಿದ್ದಕ್ಕೆ ಬೈಸಿಕೊಂಡಿದ್ದೇನೆ. ಅದನ್ನು ಸಂಶೋಧನೆಯ ಆಕರವೆಂದು ಕರೆಯಬಹುದು ಎಂಬ ಯೋಚನೆ ಇಷ್ಟು ವರ್ಷ ನನಗೆ ಬಂದಿರಲಿಲ್ಲ. ಹಳೆಯ ನಾಲ್ಕು ಪುಟಗಳನ್ನು ಪಕ್ಕಕ್ಕಿಟ್ಟು, ಲಿಂಗಸುಗೂರು ತಾಲ್ಲೂಕಿನ ಐದು ಊರುಗಳ ದಲಿತ ರಿವಾಯತ ಹಾಡುಗಾರರು ಎಂದು ಹೊಸದಾಗಿ ಬರೆಯತೊಡಗಿದ್ದೇನೆ.

ಹಣದ ವಿಷಯದಲ್ಲಿ ಮನೆಯವರೊಂದಿಗೆ ಕುಳಿತು ಮಾತಾಡಿದೆ. ಈ ಶೈಕ್ಷಣಿಕ ವರ್ಷ ಮುಗಿಯುವ ತನಕ ಪಾಠ ಮಾಡಿ, ಅಷ್ಟರಲ್ಲಿ ಆರು ತಿಂಗಳಿಗಾಗುವಷ್ಟು ಕೂಡಿಡುವುದು, ಜೊತೆಗೇ ಪ್ರವೇಶಕ್ಕೆ ಅರ್ಜಿ ಹಾಕುವುದು ಎಂದು ತೀರ್ಮಾನವಾಗಿದೆ. ಇನ್ನು ಎರಡು ಸಣ್ಣ ಪ್ರಶ್ನೆಗಳಿವೆ. ಪ್ರವೇಶ ಸಿಕ್ಕಿ ಫೆಲೋಶಿಪ್ಪಿನ ಪಟ್ಟಿ ಇನ್ನೂ ಬಂದಿರದಿದ್ದರೆ ಆ ನಡುವಿನ ಕಾಲದಲ್ಲಿ ಪಾಠ ಮಾಡಬಹುದೇ? ಮುಂದೆ ಮದುವೆಯಾಗಿ ಬೇರೆ ಊರಿಗೆ ಹೋಗಬೇಕಾದರೆ ಮಾಡಿದ ಕೆಲಸವೆಲ್ಲ ಹಾಳಾಗುತ್ತದೆಯೇ? ಇದನ್ನು ಕೇಳಲು ಹೇಳಿದವರು ನಮ್ಮವ್ವ.

ನಿವೃತ್ತ ಮೇಷ್ಟ್ರು, ಧಾರವಾಡ

ನಿಮ್ಮವ್ವ ಕೇಳಿದ್ದಕ್ಕೆ ಮೊದಲು ಉತ್ತರ. ಮದುವೆ ಅಥವಾ ಬೇರೆ ಕಾರಣದಿಂದ ಊರು ಬದಲಿಸಬೇಕಾದ ಮಹಿಳೆಯರು ತಮ್ಮ ಸಂಶೋಧನೆಯನ್ನು ಇನ್ನೊಂದು ವಿಶ್ವವಿದ್ಯಾಲಯಕ್ಕೆ ವರ್ಗಾಯಿಸಿಕೊಳ್ಳಲು 2022ರ ನಿಯಮಾವಳಿಯಲ್ಲೇ ಅವಕಾಶವಿದೆ. ಸಾಮಾನ್ಯವಾಗಿ ಆರು ವರ್ಷ, ಮರುನೋಂದಣಿಯಾದರೆ ಇನ್ನೆರಡು ವರ್ಷ, ಅದರ ಮೇಲೆ ಮಹಿಳೆಯರಿಗೆ ಮತ್ತೆರಡು ವರ್ಷದ ಸಡಿಲಿಕೆ. ಹೆರಿಗೆ ಮತ್ತು ಶಿಶುಪಾಲನೆಗೆಂದು 240 ದಿನಗಳವರೆಗೆ ರಜೆಯೂ ಉಂಟು. ಫೆಲೋಶಿಪ್‌ ಮಾತ್ರ ಐದೇ ವರ್ಷ, ಅದನ್ನು ಮರೆಯಬೇಡಿ.

ಇನ್ನು ನಡುವಿನ ಕಾಲ. ಪೂರ್ಣಾವಧಿ ವಿದ್ಯಾರ್ಥಿನಿಯೆಂದು ಸೇರಿದ ಮೇಲೆ, ಫೆಲೋಶಿಪ್‌ ಬರಲಿ ಬಿಡಲಿ, ಸಂಬಳದ ಕೆಲಸ ಮಾಡಬೇಕಾದರೆ ವಿಶ್ವವಿದ್ಯಾಲಯದ ಲಿಖಿತ ಒಪ್ಪಿಗೆ ಕೈಯಲ್ಲಿರಬೇಕು. ಬಾಯಿಮಾತಿನ ‘ನೋಡೋಣ ಬಿಡಮ್ಮ’ ಒಪ್ಪಿಗೆಯಲ್ಲ. ಕೋರ್ಸ್‌ವರ್ಕ್‌ ತರಗತಿಗಳು ನಡೆಯುವ ಅವಧಿಯಲ್ಲಿ ಒಪ್ಪಿಗೆ ಸಿಗುವುದೂ ಕಷ್ಟ. ಫೆಲೋಶಿಪ್‌ ಪಟ್ಟಿಯಲ್ಲಿ ಹೆಸರು ಬಂದ ದಿನ ಅತಿಥಿ ಉಪನ್ಯಾಸದಲ್ಲಿ ಇದ್ದರೆ ಮೊದಲು ರಾಜೀನಾಮೆ ಕೊಟ್ಟು, ಪ್ರಾಂಶುಪಾಲರಿಂದ ದಿನಾಂಕ ಸಹಿತ ಬಿಡುಗಡೆ ಪತ್ರ ಪಡೆದು, ಆಮೇಲೆ ಫೆಲೋಶಿಪ್ಪಿನ ಸೇರ್ಪಡೆ ವರದಿಗೆ ಸಹಿ ಹಾಕಿ. ಬಿಡುಗಡೆಯ ದಿನಾಂಕ ಸೇರ್ಪಡೆಯ ದಿನಾಂಕಕ್ಕಿಂತ ಒಂದು ದಿನವಾದರೂ ಮುಂಚಿನದಾಗಿರಲಿ.

ಆ ಲೆಕ್ಕದ ಪುಸ್ತಕವನ್ನು ಮಳೆಗಾಲಕ್ಕೆ ಮುಂಚೆ ಪುಟಪುಟವೂ ಫೋಟೊ ತೆಗೆದಿಟ್ಟುಕೊಳ್ಳಿ. ಕೂಲಿಯ ಲೆಕ್ಕವಿರುವ ಬದಿಯನ್ನೂ ಬಿಡಬೇಡಿ.